ಮೆಲ್ಲಗೆ ಮಾತಾಡಿ

ಮಡಿಲಲ್ಲಿದ್ದ ಫೋನು ಮತ್ತೆ ಬೆಳಗಿತು. ಸದ್ದಿಲ್ಲ, ಬರೀ ಬೆಳಕು, ಅದರ ಮೇಲೆ 'ಮನೆ' ಎಂಬ ಎರಡಕ್ಷರ. ಅವಳು ನೋಡಿಯೂ ನೋಡದವಳಂತೆ ಮೈಕಿನ ಮುಂದೆ ಓದುತ್ತಲೇ ಇದ್ದಳು. ಗಾಜಿನ ಆಚೆ ಕೂತಿದ್ದ ರೆಕಾರ್ಡಿಂಗಿನವನು ಕೈಯೆತ್ತಿ ನಿಲ್ಲಿಸಿದ. "ಮೇಡಂ, ಹೊಟ್ಟೆ," ಎಂದ. ಹೊಟ್ಟೆ ಗುರ್ರೆಂದದ್ದು ಅವಳಿಗೇ ಗೊತ್ತಾಗಿರಲಿಲ್ಲ, ಅವನಿಗೆ ಗೊತ್ತಾಗಿತ್ತು. ಅದಕ್ಕೇ ಅವನನ್ನು ಅಲ್ಲಿ ಎಲ್ಲರೂ ಕಿವಿಯಣ್ಣ ಎಂದು ಕರೆಯುತ್ತಿದ್ದರು. ತೋಳು ಮೇಜಿಗೆ ತಾಗಿದರೆ ಬಟ್ಟೆ ಹತ್ತಿಯದೋ ನೈಲಾನಿನದೋ ಎಂದು ಹೇಳಬಲ್ಲ ಪ್ರಾಣಿ. "ಅದೇ ಸಾಲು ಇನ್ನೊಂದ್ಸಲ ಹೇಳಿ," ಎಂದ. ಅವಳು ನೀರು ಕುಡಿದಳು. ಅವ್ವ ಯಾಕೆ ಹೀಗೆ ಬಿಡದೆ ಕರೆಯುತ್ತಿದ್ದಾಳೆ? ಕೆಲಸದ ಹೊತ್ತಿನಲ್ಲಿ ಫೋನು ಮಾಡಬೇಡ ಎಂದು ಹೇಳಿ ಹೇಳಿ ನಾಲಿಗೆ ಸವೆದಿತ್ತು. ಅವ್ವ ಮಾಡಿದರೂ ಅವಳು ಇಲ್ಲಿ ಎತ್ತುವುದಿಲ್ಲ. ಮೆಟ್ಟಿಲಿಳಿದು, ರಸ್ತೆಗೆ ಹೋಗಿ, ಬಸ್ಸು ಲಾರಿಗಳ ಗದ್ದಲದ ನಡುವೆ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಾಳೆ. ಅವ್ವನ ಜೊತೆ ಈಚೆ ದಡದ ಮಾತು ಆಡಲಾಗುವುದಿಲ್ಲ, ಆಡಿದರೆ ಅವ್ವ "ಯಾರಿದು?" ಎಂದು ಕೇಳುತ್ತಾಳೆ.

ನದಿಯ ಆಚೆ ದಡದವರು, ಈಚೆ ದಡದವರು. ಮುಖ ನೋಡಿದರೆ ಯಾರು ಯಾವ ಕಡೆಯವರೆಂದು ದೇವರಿಗೂ ತಿಳಿಯದು. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು. ಆಚೆಯವರು ಪ್ರತಿ ಮಾತಿನ ಕೊನೆಯನ್ನೂ ಎಳೆದು ಮೇಲಕ್ಕೆತ್ತುತ್ತಾರೆ, ದೂರದ ದೋಣಿಯನ್ನು ಕೂಗಿ ಕರೆದಂತೆ. ಶಾಲೆಯಲ್ಲಿ ಮಕ್ಕಳು ಅವರನ್ನು ಬಾಲದವರು ಎನ್ನುತ್ತಿದ್ದರು. ಬಸ್ಸು ನಿಲ್ಲಿಸಿ, ಒಬ್ಬೊಬ್ಬರ ಬಾಯಲ್ಲೂ ಎರಡು ಮಾತು ಆಡಿಸಿ, ಬಾಲ ಇದ್ದವರನ್ನು ಕೆಳಗಿಳಿಸಿಕೊಂಡ ಕಾಲವೊಂದಿತ್ತು. ಈಚೆಯವರು ಅದನ್ನು ಗಲಾಟೆ ಎನ್ನುತ್ತಾರೆ. ಅವಳೀಗ ಓದುತ್ತಿದ್ದ ಕಾದಂಬರಿಯಲ್ಲಿ ಅದು ನರಮೇಧ. ಅವ್ವ ಮಾತ್ರ ಅದನ್ನು 'ಆವತ್ತು' ಎನ್ನುತ್ತಾಳೆ, ಅದೂ ಹೇಳಲೇಬೇಕಾಗಿ ಬಂದರೆ. ಆವತ್ತಿನ ನಂತರ ಅವರಿಬ್ಬರೂ ಈ ಊರಿಗೆ ಬಂದರು, ಅಪ್ಪ ಬರಲಿಲ್ಲ. ಅವಳು ತನ್ನ ಬಾಲ ಕತ್ತರಿಸಿಕೊಂಡದ್ದು ಹುಡುಗಿಯಾಗಿದ್ದಾಗಲೇ, ಖಾಲಿ ಕೊಡದೊಳಗೆ ಬಾಯಿಟ್ಟು ಮಾತಾಡಿ ಮಾತಾಡಿ. ಕೊಡ ನಮ್ಮ ದನಿಯನ್ನು ನಮಗೇ ವಾಪಸು ಕೊಡುತ್ತದೆ, ಸ್ವಲ್ಪವೂ ದಾಕ್ಷಿಣ್ಯವಿಲ್ಲದೆ. ಆ ಕೊಡದ ವಿದ್ಯೆಯೇ ಈಗ ಅನ್ನ ಹಾಕುತ್ತಿತ್ತು. ಯಾವ ಊರಿನದೂ ಅಲ್ಲದ ದನಿ ಎಂದು ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಲಿಫ್ಟಿನಲ್ಲಿ ಬಾಗಿಲು ಮುಚ್ಚುತ್ತಿದೆ ಎನ್ನುವವಳು ಅವಳೇ, ಬ್ಯಾಂಕಿಗೆ ಫೋನು ಮಾಡಿದರೆ ದಯವಿಟ್ಟು ಕಾಯಿರಿ ಎನ್ನುವವಳೂ ಅವಳೇ. ಅರ್ಧ ಊರು ಅವಳನ್ನು ದಿನಾ ಬೈದುಕೊಳ್ಳುತ್ತದೆ, ಗುರುತು ಮಾತ್ರ ಯಾರಿಗೂ ಇಲ್ಲ.

ಕಾದಂಬರಿ ಒಳ್ಳೆಯದೇ. ಅದೇ ಕಷ್ಟ. ಕೆಟ್ಟದಾಗಿದ್ದರೆ ಮನಸ್ಸಿನಲ್ಲೇ ಬೈದುಕೊಂಡು ಓದಿ ಮುಗಿಸಬಹುದಿತ್ತು. ಈಚೆ ದಡದ ಹಿರಿಯರೊಬ್ಬರು ಆಚೆಯವರ ನೋವನ್ನು ಬರೆದಿದ್ದರು; ಬರೆದದ್ದಕ್ಕೆ ಅವರ ಮನೆಯ ಕಿಟಕಿಗೆ ಕಲ್ಲೂ ಬಿದ್ದಿತ್ತು, ಪ್ರಶಸ್ತಿಯೂ ಬಂದಿತ್ತು. ಈಗ ಅದನ್ನು ಕೇಳುವ ಪುಸ್ತಕವಾಗಿ ತರುತ್ತಿದ್ದರು. ಓದುತ್ತಾ ಓದುತ್ತಾ ಅವಳಿಗೆ ಎಷ್ಟೋ ಸಲ ಸಾಲು ತಪ್ಪಿತ್ತು, ಅದರ ಹಿಂದೆಯೇ ಸಿಟ್ಟೂ ಬಂದಿತ್ತು. ನಮ್ಮ ಮನೆಯ ಸಾವನ್ನು ಇವರು ಇಷ್ಟು ಚೆನ್ನಾಗಿ ಬರೆಯಬಾರದಿತ್ತು ಎಂಬ ಹುಚ್ಚು ಸಿಟ್ಟು. ಇವತ್ತು ಬಂದಿದ್ದು ಎಲ್ಲರೂ ಹೊಗಳುವ ಅಧ್ಯಾಯ. ಸಂಜೆ ಹೊತ್ತು ಜನ ಬಂದು ಬಾಗಿಲು ಬಡಿಯುತ್ತಾರೆ, ಆಚೆ ದಡದ ಮುದುಕಿಯೊಬ್ಬಳು ಬಾಗಿಲು ತೆಗೆದು, ಮಗನನ್ನು ಬಿಟ್ಟುಬಿಡಿ ಎಂದು ಅವರ ಕಾಲು ಹಿಡಿದು ಗೋಳಾಡುತ್ತಾಳೆ. ಕಾದಂಬರಿಕಾರರು ಹೇಳಿ ಕಳಿಸಿದ್ದರಂತೆ, ಮುದುಕಿಯ ಮಾತು ಬಂದಾಗ ಅವರ ಕಡೆಯ ರಾಗವೇ ಬೇಕು ಎಂದು. "ನನಗೆ ಬರಲ್ಲ," ಎಂದು ಅವಳು ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಬೇಕಾದ್ದಕ್ಕಿಂತ ಬೇಗ. ಹಾಗಾಗಿ ಮುದುಕಿ ಬೆಳಗಿನಿಂದ ಬ್ಯಾಂಕಿನ ಫೋನಿನ ದನಿಯಲ್ಲೇ ಕಾಲು ಹಿಡಿಯುತ್ತಿದ್ದಳು. ಕಿವಿಯಣ್ಣನ ಮುಖ ಹುಳ್ಳಗಾಗಿತ್ತು. "ಟೀ ಕುಡಿದು ಬರೋಣ ಮೇಡಂ," ಎಂದು ಎದ್ದು ಹೋದ.

ಅವಳು ಏಳಲಿಲ್ಲ. ಫೋನು ಮತ್ತೆ ಬೆಳಗಿತು. ಗೋಡೆಗೆಲ್ಲ ಸ್ಪಂಜು ಮೆತ್ತಿದ, ಕಿಟಕಿಯೇ ಇಲ್ಲದ ಕೋಣೆ. ದಪ್ಪ ಬಾಗಿಲು ಮುಚ್ಚಿದರೆ ಕೂಗಿದರೂ ಹೊರಗೆ ಕೇಳಿಸದು. ಎತ್ತಿದಳು. ಆ ಕಡೆಯಿಂದ ಅವ್ವನ ಪಿಸುಮಾತು. ಯಾರೋ ಬಾಗಿಲು ಬಡಿಯುತ್ತಿದ್ದಾರೆ, ಬೆಳಗಿನಿಂದ ಬಂದು ಬಂದು ಹೋಗುತ್ತಿದ್ದಾರೆ, ನೀರಿನ ಮೀಟರು ನೋಡಬೇಕಂತೆ, ಏನು ಮಾಡಲಿ? ಅವಳಿಗೆ ಗೊತ್ತಿಲ್ಲದಂತೆಯೇ ನಾಲಿಗೆ ಹೊರಳಿತು. ಈ ಕೋಣೆಯಲ್ಲಿ ಇಷ್ಟು ವರ್ಷ ಮಡಿಸಿಟ್ಟಿದ್ದ ಬಾಲ ಮಾತುಮಾತಿಗೂ ಎದ್ದು ನಿಂತಿತು. "ತೆಗೀಬೇಡವ್ವಾ. ಎಷ್ಟು ಬಡಿದ್ರೂ ತೆಗೀಬೇಡಾ. ಕಿಟಕಿ ಹತ್ರ ಹೋಗ್ಬೇಡಾ. ಮಾತಾಡಬೇಡಾ, ಉಸಿರೆತ್ತಬೇಡಾ. ಹೋಗ್ತಾರೆ ಬಿಡೂ. ನಾನಿದ್ದೀನಲ್ಲಾ." ಹೇಳುತ್ತಿದ್ದಂತೆ ಅವಳ ಕಣ್ಣಲ್ಲಿ ನೀರು ಬಂತು, ಮೀಟರಿನವನಿಗಾಗಿ ಇಷ್ಟೆಲ್ಲ ಯಾಕೆಂದು ನಾಚಿಕೆಯೂ ಆಯಿತು. ಅವ್ವ ಹ್ಞೂಂ ಎಂದು ಫೋನಿಟ್ಟಳು.

ಕಿವಿಯಣ್ಣ ಎರಡೂ ಕೈಯಲ್ಲಿ ಟೀ ಲೋಟ ಹಿಡಿದುಕೊಂಡು ಬಂದ, ಯಂತ್ರದ ಮುಂದೆ ಕೂತ, ನಾಲಿಗೆ ಕಚ್ಚಿಕೊಂಡ. ಕೆಂಪು ದೀಪ ಆರಿರಲೇ ಇಲ್ಲ. ನಿಲ್ಲಿಸಲು ಮರೆತು ಎದ್ದು ಹೋಗಿದ್ದ. ಅವನು ಹಿಂದಕ್ಕೆ ಓಡಿಸಿ, ಹೆಡ್‌ಫೋನು ಕಿವಿಗೆ ಹಾಕಿಕೊಂಡು ಕೇಳತೊಡಗಿದಾಗ ಅವಳು ಫೋನನ್ನು ಮಗುಚಿಟ್ಟಳು. ಗಾಜಿನಾಚೆ ಅವನ ಮುಖ ಮೊದಲು ಗಂಟಿಕ್ಕಿತು, ಆಮೇಲೆ ಅರಳಿತು. ಅವ್ವನ ಪಿಸುಮಾತು ಫೋನಿನೊಳಗೇ ಉಳಿದಿತ್ತು, ಅವನಿಗೆ ಸಿಕ್ಕಿದ್ದು ಇವಳ ಮಾತಷ್ಟೇ. "ಮೇಡಂ, ಬರಲ್ಲ ಅಂದ್ರಲ್ಲ," ಎಂದ, ತಮಾಷೆಯಾಗಿ ಗದರಿಸುವವನಂತೆ. "ನಾನಿಲ್ಲದಾಗ ಪ್ರಾಕ್ಟೀಸು ಮಾಡಿದ್ದೀರಿ. ಮುದುಕಿ ಇವಳೇ ಮೇಡಂ. ಎಂಥಾ ಭಯ ತಂದಿದೀರಿ ಆ ದನೀಲಿ. ಪುಸ್ತಕದಲ್ಲಿಲ್ಲದ ಮಾತು ಬೇರೆ ಕಟ್ಟಿಕೊಂಡು." ನನ್ನವ್ವನ ಜೊತೆ ಆಡಿದ್ದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅದು ನಾಲಿಗೆಯ ತುದಿಗೂ ಬಂತು. "ಎಲ್ಲಿ ಕಲಿತ್ರಿ ಇದನ್ನ?" ಎಂದು ಅವನು ಕೇಳಿದ. "ಚಿಕ್ಕಂದಿನಲ್ಲಿ ನಮ್ಮನೆ ಕೆಲಸಕ್ಕೆ ಒಬ್ಬರು ಬರ್ತಿದ್ರು," ಎಂದಳು. "ಆಚೆಯವರು." ಬರ್ತಿದ್ರು ಎಂದು ಮರ್ಯಾದೆ ಬೇರೆ. ಅವ್ವನನ್ನು ಒಂದೇ ಮಾತಿನಲ್ಲಿ ಮನೆಕೆಲಸಕ್ಕೆ ಹಚ್ಚಿ, ಬಹುವಚನ ಹಾಕಿ ಕೂರಿಸಿದಂತಾಯಿತು.

"ಪುಣ್ಯ ಕಣ್ರಿ," ಎಂದ ಕಿವಿಯಣ್ಣ. ಒಳ್ಳೆಯ ಮನುಷ್ಯ, ಅವನ ಮಾತಿನಲ್ಲಿ ಕುಹಕವಿರಲಿಲ್ಲ. "ಈ ರಾಗ ತೆಗೆಯೋರು ಅಂದ್ರೆ ಸಿನಿಮಾದ ಹಾಸ್ಯದೋರು ಮಾತ್ರ. ನಗು ಬರಿಸೋಕೆ. ಅಳು ಬರೋ ಹಾಗೆ ತೆಗೆದೋರನ್ನ ನಾನು ಕೇಳೇ ಇರಲಿಲ್ಲ." ಅವಳು ಟೀ ಕುಡಿದು ಆ ಅಧ್ಯಾಯವನ್ನು ಮೊದಲಿನಿಂದ ಓದಿದಳು. ಮುದುಕಿ ಈಗ ಅವ್ವನ ರಾಗದಲ್ಲಿ ಕಾಲು ಹಿಡಿದಳು, ಅವ್ವನ ರಾಗದಲ್ಲಿ ಎದೆ ಬಡಿದುಕೊಂಡಳು. ಅವಳಿಗೆ ಆದದ್ದು ಏನೆಂದರೆ, ಹೇಳಲು ಹೇಸಿಗೆ, ಸಂತೋಷ. ಬಿಗಿ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ನಿಂತ ಸಂತೋಷ. ಕದ್ದಾದರೂ ಸರಿ, ಬೇರೆಯವಳ ಹೆಸರಲ್ಲಾದರೂ ಸರಿ, ಬಾಯ್ತುಂಬ ಆಡಿದಳು. ಮುಗಿದಾಗ ಕಿವಿಯಣ್ಣ ಕಣ್ಣೊರೆಸಿಕೊಳ್ಳುತ್ತಿದ್ದ. "ಇನ್ನು ಕೋಣೆಯ ಮೌನ," ಎಂದ. ದಿನದ ಕೊನೆಗೆ ಅದೊಂದು ಪದ್ಧತಿ: ಯಾರೂ ಮಾತಾಡದೆ, ಅಲುಗಾಡದೆ ಕೂತಿರಬೇಕು, ಅವನು ಬರೀ ಕೋಣೆಯನ್ನು ರೆಕಾರ್ಡು ಮಾಡಿಕೊಳ್ಳುತ್ತಾನೆ. ಕೆಮ್ಮು, ಹೊಟ್ಟೆಯ ಸದ್ದು ಕತ್ತರಿಸಿದ ಜಾಗಕ್ಕೆಲ್ಲ ಆಮೇಲೆ ಆ ಮೌನವನ್ನೇ ತೇಪೆ ಹಾಕುವುದು. ಏನೂ ಇಲ್ಲದ ಮೌನ ಹೆಣದ ಹಾಗೆ ಕೇಳಿಸುತ್ತದಂತೆ. ಒಂದೊಂದು ಕೋಣೆಯ ಮೌನವೂ ಬೇರೆಯಂತೆ. ಅವಳು ಕೈಕಟ್ಟಿ ಕೂತಳು. ನಮ್ಮನೆ ಕೆಲಸಕ್ಕೆ ಒಬ್ಬರು ಬರ್ತಿದ್ರು. ನಮ್ಮನೆ ಕೆಲಸಕ್ಕೆ. ಆ ಮಾತು ತಲೆಯೊಳಗೆ ಎಷ್ಟು ಜೋರಾಗಿತ್ತೆಂದರೆ ಅವನ ಯಂತ್ರಕ್ಕೆ ಹೇಗೆ ಕೇಳಿಸಲಿಲ್ಲವೋ.

ಸಂಜೆ ಮನೆಯ ಬೀದಿಯಲ್ಲಿ ತರಕಾರಿಯವನು ತಡೆದ. "ನಿಮ್ಮಮ್ಮ ನಿನ್ನೆ ಬದನೆಕಾಯಿ ಆರಿಸಿಟ್ಟು ಹೋದ್ರು, ಚಿಲ್ಲರೆ ಇರಲಿಲ್ಲ. ತಗೊಂಡು ಹೋಗಿ." ಚೀಲ ಕೊಡುತ್ತಾ ನಕ್ಕ. "ಪಾಪ, ಮಾತು ಬರಲ್ಲ, ಆದ್ರೆ ಚೌಕಾಸಿ ಮಾತ್ರ ಬಿಡಲ್ಲ ನೋಡಿ. ಬೆರಳಲ್ಲೇ ನನ್ನ ಹೊಟ್ಟೆ ಮೇಲೆ ಹೊಡೀತಾರೆ." ಅವಳೂ ನಕ್ಕಳು. ಈ ಬೀದಿಗೆ ಬಂದ ದಿನ ಅವಳೇ ಅವ್ವನಿಗೆ ಹೇಳಿದ್ದು: ಹೊರಗೆ ಬಾಯಿ ಬಿಡಬೇಡ, ಸನ್ನೆ ಮಾಡು, ಮೂಕಿ ಅಂದುಕೊಳ್ಳಲಿ. ಈಗ ಅದರ ಅಗತ್ಯವೇನಿತ್ತು? ಕಾಲ ಬದಲಾಗಿದೆ, ಯಾರೂ ಯಾರನ್ನೂ ಬಸ್ಸಿನಿಂದ ಇಳಿಸುತ್ತಿಲ್ಲ. ಬಾಡಿಗೆ ಮನೆ ಸಿಗುವುದು ಕಷ್ಟ, ಸಿನಿಮಾದಲ್ಲಿ ನಗುತ್ತಾರೆ, ಅಷ್ಟೆ. ಆದರೂ ಅವಳು ಆ ಬೀಗ ತೆಗೆಯಲಿಲ್ಲ, ಅವ್ವನೂ ಕೇಳಲಿಲ್ಲ. ಅವ್ವನ ರಕ್ಷಣೆಗೆಂದು ಹಾಕಿದ ಬೀಗ ಯಾವಾಗ ತನ್ನ ರಕ್ಷಣೆಯದಾಯಿತೋ ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎನ್ನುವುದೂ ಸುಳ್ಳೇ. ಜೊತೆಗೆ ಕೆಲಸ ಮಾಡುವವರು ಮನೆಗೆ ಬಂದಾಗ, ಇವರು ನಮ್ಮಮ್ಮ, ಮಾತು ಬರಲ್ಲ ಎಂದು ಪರಿಚಯಿಸಿದಾಗ ಅವ್ವ ಕೈಮುಗಿದು ಮುಗುಳ್ನಕ್ಕಿದ್ದಳು. ಆ ನಗು ಅವಳನ್ನು ಇವತ್ತಿಗೂ ಸುಮ್ಮನೆ ಬಿಡುವುದಿಲ್ಲ.

ಮನೆಯಲ್ಲಿ ಅವ್ವ ಖುಷಿಯಾಗಿದ್ದಳು. ಮೀಟರಿನವನು ಬೈದುಕೊಂಡು ಹೋದದ್ದನ್ನು ಅವನ ದನಿಯಲ್ಲೇ ಪಿಸುಗುಟ್ಟಿ ತೋರಿಸಿದಳು. ಗೋಡೆ ತೆಳು, ಒಳಗೂ ಅವರದು ಪಿಸುಮಾತೇ; ಪಿಸುಮಾತಿನಲ್ಲಿ ಅವ್ವನ ಬಾಲವೂ ಮಡಿಸಿಕೊಳ್ಳುತ್ತದೆ. ಊಟದ ನಂತರ ಅವ್ವ ನಾಳೆಗೆಂದು ಬಟಾಣಿ ಸುಲಿಯುತ್ತಾ ಕೂತು, "ಇವತ್ತು ಏನು ಓದ್ದೆ? ನಂಗೂ ಓದು," ಎಂದಳು. ದಿನಾ ಕೇಳುತ್ತಾಳೆ. ದಿನಾ ಅವಳು ಮರ, ಮಳೆ, ಮದುವೆ ಇರುವ ಪುಟಗಳನ್ನು ಆರಿಸಿ ಓದುತ್ತಾಳೆ. ಇವತ್ತು ಯಾವ ಹಟಕ್ಕೋ, ತಪ್ಪು ಕಾಣಿಕೆ ಸಲ್ಲಿಸುವವಳಂತೆ, ಆ ಬಾಗಿಲಿನ ಅಧ್ಯಾಯವನ್ನೇ ತೆಗೆದು, ಮುದುಕಿಯ ರಾಗದಲ್ಲೇ ಓದಿದಳು. ಅವ್ವನ ಬೆರಳು ಒಂದು ಸಲವೂ ನಿಲ್ಲಲಿಲ್ಲ. ಬಟಾಣಿ ಪಾತ್ರೆಗೆ ಬೀಳುತ್ತಲೇ ಇದ್ದವು. ಓದಿ ಮುಗಿದಾಗ ಅವ್ವ ಕೇಳಿದಳು, "ಪಾಪ, ಯಾರವಳು?"

"ಕಥೆ ಅವ್ವಾ. ಬರೆದಿದ್ದು."

"ತುಂಬ ಅಳ್ತಾಳೆ."

ಇಷ್ಟು ವರ್ಷ ಕೇಳದಿದ್ದ ಮಾತು ಬಾಯಿಂದ ಜಾರಿತು. "ನೀನು ಅಳಲಿಲ್ವಾ ಆವತ್ತು?"

"ಅಳೋಕೆ ಎಲ್ಲಿತ್ತು ಪುರುಸೊತ್ತು," ಎಂದಳು ಅವ್ವ, ಬೇರೆ ಯಾರದೋ ಮನೆಯ ಸಂಗತಿ ಹೇಳುವಂತೆ. "ನಿಂಗೆ ಜ್ವರ. ಇಡೀ ದಿನ ರಚ್ಚೆ ಹಿಡಿದು ಆಗಷ್ಟೇ ಕಣ್ಣು ಮುಚ್ಚಿದ್ದೆ. ಬಾಗಿಲು ಬಡಿದ್ರು, ತೆಗೆದೆ. ಮುಂದೆ ನಿಂತಿದ್ದವನು ನಿಮ್ಮಪ್ಪನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದ. ನಂಗೆ ಎಲ್ಲಿತ್ತೋ ಸಿಟ್ಟು. ಮಗು ಮಲಗಿದೆ, ಮೆಲ್ಲಗೆ ಮಾತಾಡಿ ಅಂದೆ."

"ಆಮೇಲೆ?"

"ಆಮೇಲೆ ಏನು. ಮೆಲ್ಲಗೆ ಮಾತಾಡಿದ್ರು." ಅವ್ವ ಒಂದು ಹುಳುಕು ಬಟಾಣಿಯನ್ನು ಪಕ್ಕಕ್ಕಿಟ್ಟಳು. "ಅವರಿಗೂ ಮಕ್ಕಳಿದ್ವೋ ಏನೋ. ನಿಮ್ಮಪ್ಪನೂ ಮೆಲ್ಲಗೇ ಎದ್ದ. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹೋಗಿ ಹೊರಗೆ ಹಾಕ್ಕೊಂಡ. ಕೊನೇಲಿ ಹೋದವನು ಬಾಗಿಲು ಸದ್ದಾಗದ ಹಾಗೆ ಎಳ್ಕೊಂಡ. ನೀನು ಬೆಳಗಿನ ತನಕ ಮಿಸುಕಲಿಲ್ಲ, ಜ್ವರಾನೂ ಇಳೀತು." ಇನ್ನೊಂದು ಕಾಯಿ ಸುಲಿದು, ಇನ್ನೂ ಸಣ್ಣ ದನಿಯಲ್ಲಿ ಹೇಳಿದಳು, "ಕೂಗಿದ್ರೆ ಅಕ್ಕಪಕ್ಕದೋರು ಬರ್ತಿದ್ರೇನೋ. ಹೊಳೀಲೇ ಇಲ್ಲ ನೋಡು. ನಿನ್ನ ನಿದ್ದೆ ಕೆಡುತ್ತೆ ಅನ್ನೋದೊಂದೇ ತಲೇಲಿತ್ತು."

ಅವಳ ಮನಸ್ಸಿನಲ್ಲಿದ್ದ ಆವತ್ತಿನಲ್ಲಿ ಯಾವಾಗಲೂ ಕಿರುಚಾಟವಿತ್ತು, ಬೆಂಕಿಯಿತ್ತು, ಅಷ್ಟು ಗದ್ದಲದಲ್ಲೂ ತಾನು ಹೇಗೆ ಮಲಗಿದ್ದೆ ಎಂಬ ಅಪರಾಧವಿತ್ತು. ಕಾದಂಬರಿಯಲ್ಲೂ ಅದೇ ಇತ್ತು, ಅದಕ್ಕೇ ನಂಬಿದ್ದಳು. ಈಗ ನೋಡಿದರೆ ಗದ್ದಲವೇ ಇಲ್ಲ. ಅವಳ ನಿದ್ದೆಗಾಗಿ ಕೊಲೆಗಡುಕರೂ ದನಿ ತಗ್ಗಿಸಿದ್ದರು, ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಹೋಗಿದ್ದ. ಅವ್ವ ಆವತ್ತು ತಗ್ಗಿಸಿದ ದನಿಯನ್ನು ಮತ್ತೆ ಏರಿಸಿಯೇ ಇರಲಿಲ್ಲ. ಮಗಳು ದೊಡ್ಡವಳಾಗಿ ಬಾಯಿಗೆ ಬೀಗ ಹಾಕು ಎಂದಾಗ, ಅದೇ ಕೆಲಸ ಮುಂದುವರಿಸು ಎಂದಂತೆ ಕೇಳಿಸಿರಬೇಕು. ಯಾಕೆ ಇದನ್ನು ಹೇಳಲಿಲ್ಲ ಎಂದು ಕೇಳುವ ಹಾಗೂ ಇರಲಿಲ್ಲ, ಕೇಳಿದವರು ಯಾರು? ಅವ್ವ ಸಿಪ್ಪೆ ಬಳಿದು, ದೀಪ ಆರಿಸಿ, ಕಾಲೆಳೆದರೆ ಸದ್ದಾದೀತೆಂದು ತುದಿಗಾಲಲ್ಲಿ ನಡೆದು ಹೋಗಿ ಮಲಗಿದಳು.

ಮರುದಿನ ಅವಳು ಹೋಗುವಷ್ಟರಲ್ಲಿ ಕಾದಂಬರಿಕಾರರು ಗಾಜಿನಾಚೆ ಬಂದು ಕೂತಿದ್ದರು. ನಿನ್ನೆಯದನ್ನು ಕೇಳಿದ್ದರು. ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡರು. ವಯಸ್ಸಾದ, ಮೆತ್ತನೆಯ ಕೈ. "ನಾನು ನಿರಾಶ್ರಿತರ ಶಿಬಿರಗಳಲ್ಲಿ ಕೇಳಿದ ದನಿ ಕಣಮ್ಮಾ ಇದು, ಹೆಚ್ಚಿಲ್ಲ ಕಡಿಮೆಯಿಲ್ಲ. ನಿಮ್ಮನೇಲಿ ಕೆಲಸಕ್ಕಿದ್ದರಂತಲ್ಲ, ಆಕೆ ಈಗ ಎಲ್ಲಿದಾರೆ? ಬದುಕಿದಾರಾ?" ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ಬದುಕಿದಾರೆ," ಎಂದಳು. "ಒಂದ್ಸಲ ನೋಡಬೇಕು ಅವರನ್ನ," ಎಂದರು, ಮನಸ್ಸಿಟ್ಟೇ ಹೇಳಿದರು. ಆಮೇಲೆ, ಸಂಕೋಚದಿಂದ, ಕಾಲು ಹಿಡಿಯುವ ಜಾಗದಲ್ಲಿ ಇನ್ನೊಂದು ಚೂರು ಅಳು ಬೇಕಿತ್ತು ಎಂದರು.

"ಸರ್, ಅವಳು ಅಳದೇ ಇದ್ದಿದ್ರೆ?" ಎಂದು ಅವಳು ಕೇಳಿಬಿಟ್ಟಳು.

ಅವರು ಅದನ್ನು ಹಗುರವಾಗಿ ತಳ್ಳಿಹಾಕಲಿಲ್ಲ. ಕನ್ನಡಕ ತೆಗೆದು ಯೋಚಿಸಿದರು. "ಅಳದೆ ಇದ್ದೋರೂ ಇರ್ತಾರೆ. ನಾನೂ ಕೆಲವರನ್ನ ನೋಡಿದೀನಿ. ಆದರೆ ನಮ್ಮ ಕಡೆಯೋರು ನಂಬಬೇಕಲ್ಲಮ್ಮ. ಅಳದ ದುಃಖಾನ ಅವರು ದುಃಖ ಅಂತಲೇ ಲೆಕ್ಕಕ್ಕಿಡಲ್ಲ. ನೋಡಿ, ಅವಳಿಗೇನೂ ಆಗಲೇ ಇಲ್ಲ ಅಂತಾರೆ." ಅದೂ ನಿಜವೇ. ನಿಜ ಎಂಬುದೇ ಅವಳನ್ನು ಇನ್ನಷ್ಟು ಕೆರಳಿಸಿತು. ಒಳಗೆ ಹೋಗಿ ಕೂತು, ಹೇಳಿದಂತೆ ಅತ್ತಳು. ನಾಚಿಕೆಗೇಡೆಂದರೆ ಚೆನ್ನಾಗಿಯೇ ಅತ್ತಳು. ಮುದುಕಿ ಕಾಲು ಹಿಡಿದಾಗಲೆಲ್ಲ ಅವಳ ಕಣ್ಣ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ಹೊಸಿಲು ದಾಟುವ ಅಪ್ಪನೇ. ಇದೂ ಸುಳ್ಳಲ್ಲ, ಅದೂ ಸುಳ್ಳಲ್ಲ; ಸುಳ್ಳು ತಾನೊಬ್ಬಳೇ. ಕಾದಂಬರಿಕಾರರು ಕರವಸ್ತ್ರ ತೆಗೆದರು. ಸಾಲು ಮುಗಿಯಿತು, ಪುಟ ಮುಗಿಯಿತು, ಪುಸ್ತಕವೇ ಮುಗಿಯಿತು.

"ಕೋಣೆಯ ಮೌನ," ಎಂದ ಕಿವಿಯಣ್ಣ. "ಕೊನೇದು. ಸರ್, ನೀವೂ ಅಲ್ಲಾಡಬೇಡಿ." ಕೆಂಪು ದೀಪ ಹತ್ತಿತು. ಗಾಜಿನಾಚೆ ಇಬ್ಬರೂ ತಲೆ ತಗ್ಗಿಸಿ ಕೂತರು, ಸತ್ತವರಿಗಾಗಿ ನಿಂತ ಜನರ ಹಾಗೆ. ಸ್ಪಂಜಿನ ಗೋಡೆಗಳು ಉಸಿರನ್ನೂ ಕುಡಿದುಬಿಡುತ್ತಿದ್ದವು. ಮಡಿಲಲ್ಲಿ ಫೋನು ಬೆಳಗಿತು. ಮನೆ. ಆರಿತು. ಮತ್ತೆ ಬೆಳಗಿತು. ಅವಳ ಹೆಬ್ಬೆರಳು ಅದರ ಮೇಲೇ ಇತ್ತು. ಇನ್ನು ಸ್ವಲ್ಪ ಹೊತ್ತು ತಡೆದರೆ ಸಾಕು, ಅವನು ಆಯ್ತು ಎನ್ನುತ್ತಾನೆ, ಅವಳು ಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿದು, ರಸ್ತೆಯಲ್ಲಿ ಲಾರಿಗಳ ನಡುವೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಬಹುದು. ಜೀವನವಿಡೀ ಮಾತಾಡಬಹುದು ಹಾಗೆ. ಅವಳು ಫೋನನ್ನು ಎತ್ತಿ, ಸ್ಪೀಕರಿಗೆ ಹಾಕಿ, ಮೈಕಿನ ಪಕ್ಕ ಇಟ್ಟಳು.

"ಹೇಳವ್ವಾ," ಎಂದಳು. ಬಾಲ ಎದ್ದಿತು. ಗಾಜಿನಾಚೆ ಕಾದಂಬರಿಕಾರರು ತಲೆಯೆತ್ತಿ, ಮುದುಕಿ ಮತ್ತೆ ಬಂದಳೆಂದುಕೊಂಡು ಮೆಚ್ಚಿ ನಕ್ಕರು. ಕಿವಿಯಣ್ಣ ನಗಲಿಲ್ಲ. ಫೋನಿನಿಂದ ಬಂದ ಪಿಸುಮಾತು ಅವನಿಗೆ ಮೊದಲು ಕೇಳಿಸಿತ್ತು. "ಅವನು ಮತ್ತೆ ಬಂದಿದಾನೆ," ಎನ್ನುತ್ತಿತ್ತು ಅದು. "ಮೀಟರಿನವನು. ಬಡೀತಿದಾನೆ. ಸುಮ್ಮನೆ ಕೂತಿದೀನಿ, ನೀನು ಹೇಳಿದ ಹಾಗೆ." ಅವನು ಗಾಜಿನ ಮೂಲಕ ಅವಳನ್ನು ನೋಡಿದ. ನಿನ್ನೆ ತಾನು ಹೊಗಳಿದ್ದು ಯಾರನ್ನೆಂದು ಅವನ ಮುಖಕ್ಕೆ ನಿಧಾನವಾಗಿ ಗೊತ್ತಾಗುತ್ತಿತ್ತು. ಕೈ ಯಂತ್ರದ ಗುಂಡಿಯ ಮೇಲೆ ಹೋಯಿತು, ಒತ್ತದೆ ಹಾಗೇ ನಿಂತಿತು. ಕಾದಂಬರಿಕಾರರು ಅವನನ್ನೂ ಅವಳನ್ನೂ ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

"ಬಾಗಿಲು ತೆಗಿಯವ್ವಾ," ಎಂದಳು ಅವಳು. "ಯಾರು, ಏನು ಬೇಕು ಅಂತ ಕೇಳೂ."

ಆ ಕಡೆ ಬಾಗಿಲು ಬಡಿಯುವ ಸದ್ದು. ಆಮೇಲೆ, "ಹೇಗೆ ಕೇಳ್ಲಿ?"

"ನಿನ್ನ ಬಾಯಲ್ಲೇ ಕೇಳೂ."

ಅವ್ವ ಏನೋ ಅಂದಳು. ಆ ಕೋಣೆಯಲ್ಲೂ ಕೇಳಿಸದಷ್ಟು ಸಣ್ಣದಾಗಿ ಅಂದಳು. ಅವಳು ಫೋನಿನ ಕಡೆ ಬಾಗಿದಳು. ಕೆಂಪು ದೀಪ ಉರಿಯುತ್ತಲೇ ಇತ್ತು.

"ಜೋರಾಗಿ ಮಾತಾಡವ್ವಾ," ಎಂದಳು. "ಇಲ್ಲಿ ಯಾರೂ ಮಲಗಿಲ್ಲಾ."